ಆರು ವೋಲ್ಟಿನ ಹುಳಿ

ಒಳಗೆ ಅವನಿದ್ದಾನೋ ಇಲ್ಲವೋ ಎನ್ನುವುದೊಂದು ಗೊತ್ತಾದರೆ ಸಾಕು ಎಂದು ಫಿರೋಜಾ ಮಳೆಗಾಲದ ಉದ್ದಕ್ಕೂ ಬೇಡಿಕೊಂಡಿದ್ದಳು. ಈಗೀಗ ಗೊತ್ತಾಗದೆ ಹೋದರೇ ಒಳ್ಳೆಯದೇನೋ ಎಂದು ಅನ್ನಿಸತೊಡಗಿತ್ತು. ಮನೆಯ ಮುಂಭಾಗದ ಅಂಗಡಿಯಲ್ಲಿ ಹೊಲಿಗೆ ಮಿಷಿನ್ನಿನ ಮೇಲೆ ಬಗ್ಗಿ ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಾಗಲೂ ಬೆನ್ನ ಹಿಂದೆ ಕುರ್ಚಿಯಲ್ಲಿ ಕೂತ ಗಂಡನ ಉಸಿರು ಅವಳಿಗೆ ಕೇಳಿಸುತ್ತಿತ್ತು. ಉಸಿರಿನ ಮಟ್ಟಿಗೆ ಅವನು ಇದ್ದೇ ಇದ್ದ, ಅದರಲ್ಲಿ ಅನುಮಾನವಿರಲಿಲ್ಲ. ಭದ್ರಾವತಿಯ ಹಳೇನಗರದಲ್ಲಿ ಗಾಡಿಗಳ ವೈರಿಂಗ್ ಎಂದರೆ ಖಾಜಾ ಪೀರ್ ಎನ್ನುತ್ತಿದ್ದ ಕಾಲ ತೀರ ಹಳೆಯದೇನಲ್ಲ. ಮೊದಲ ಮಳೆ ಬಿದ್ದ ವಾರ ಇದೇ ಅಂಗಡಿಯಲ್ಲಿ, ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಬಲಕ್ಕೆ ವಾಲಿದವನು ಮತ್ತೆ ನೆಟ್ಟಗಾಗಲಿಲ್ಲ. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆಗೆ ಜಗ್ಗಿತು. ಮಾತು ಪೂರ್ತಿ ನಿಂತಿತು. ಶಿವಮೊಗ್ಗದ ಡಾಕ್ಟರು ಒಳ್ಳೆಯವರು, ಸುಳ್ಳು ಧೈರ್ಯ ಕೊಡಲಿಲ್ಲ. ತಿಳಿವಳಿಕೆ ಉಳಿದಿರಬಹುದು, ಉಳಿಯದೆಯೂ ಇರಬಹುದು, ಈಗಲೇ ಹೇಳುವುದಕ್ಕಾಗುವುದಿಲ್ಲ, ನೀವು ಮಾತಾಡಿಸುತ್ತಾ ಇರಿ ಎಂದರು. ಫಿರೋಜಾ ಮಾತಾಡಿಸಿದಳು. ನಾನ್ಯಾರು ಹೇಳಿ ಅಂದಳು, ಗೊತ್ತಾದರೆ ತಲೆ ಆಡಿಸಿ ಅಂದಳು. ಅವನು ಹೌದಿಗೂ ಅಲ್ಲಕ್ಕೂ ಒಂದೇ ರೀತಿ ತಲೆ ಆಡಿಸಿದ. ನಗುವ ಮಾತಿಗೆ ಅತ್ತ, ಅಳುವ ಮಾತಿಗೆ ಗೋಡೆ ನೋಡಿದ. ಬರಬರುತ್ತಾ ಅವನನ್ನು ಮಾತಾಡಿಸುವುದು ಕಡಿಮೆಯಾಗಿ, ಅವನ ಮುಂದೆಯೇ ಅವನ ವಿಷಯ ಮಾತಾಡುವುದು ಅಭ್ಯಾಸವಾಯಿತು. ಯಾವ ದಿನದಿಂದ ಹಾಗಾಯಿತು ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ.

ಪಕ್ಕದ ಮನೆಯ ವಿಶಾಲಮ್ಮ ಮಧ್ಯಾಹ್ನದ ಹೊತ್ತು ಮೊರದಲ್ಲಿ ಸೊಪ್ಪು ಹಾಕಿಕೊಂಡು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಸೋಸುತ್ತಾಳೆ. ಅವಳ ಮುಂದೆ ಫಿರೋಜಾ ಎಲ್ಲವನ್ನೂ ಹೇಳಿದ್ದಳು. ಹಾಸಿಗೆ ಒದ್ದೆಯಾಗುವುದನ್ನು, ಲುಂಗಿ ಬದಲಿಸುವಾಗ ತನಗೆ ಬರುವ ಹೇಸಿಗೆಯನ್ನು, ಮದುವೆಯಾದ ಹೊಸತರಲ್ಲಿ ಅತ್ತೆಯ ಮಾತು ಕೇಳಿಕೊಂಡು ತನ್ನನ್ನು ತವರಿಗೆ ಕಳಿಸಿದವನು ಕರೆಯುವುದಕ್ಕೇ ಬಾರದೆ ಸತಾಯಿಸಿದ್ದನ್ನು. ದನಿ ತಗ್ಗಿಸಬೇಕು ಎಂದು ಅನ್ನಿಸಿರಲೇ ಇಲ್ಲ. ಮನೆಯಲ್ಲಿ ಕಟ್ಟಿಹಾಕಿದ ಮೇಕೆಯ ಮುಂದೆ ಯಾರಾದರೂ ದನಿ ತಗ್ಗಿಸುತ್ತಾರೆಯೇ? ಭದ್ರೆ ತುಂಬಿ ಸೇತುವೆಯ ಮೈ ಮುಟ್ಟಿದ್ದಾಳೆಂದು ಊರೆಲ್ಲ ನೋಡಲು ಓಡಿದ ದಿನ ತಾನೊಬ್ಬಳು ಹೋಗಲಾಗದೆ ಕೂತ ಸಿಟ್ಟಿಗೆ ಆ ಮಾತು ಬಂದುಬಿಟ್ಟಿತ್ತು. "ಅಲ್ಲಾಹು ಅರ್ಧ ತಗೊಂಡು ಅರ್ಧ ಯಾಕೆ ಬಿಟ್ಟ ವಿಶಾಲಮ್ಮಾ? ಪೂರ್ತಿ ತಗೊಂಡಿದ್ರೆ ಅತ್ತು ಮುಗಿಸ್ತಿದ್ದೆ." ವಿಶಾಲಮ್ಮ ಸೊಪ್ಪು ಕೆಳಗಿಟ್ಟು, ಬಿಡ್ತು ಅನ್ನು ಮಾರಾಯ್ತಿ ಎಂದಿದ್ದಳು. ಫಿರೋಜಾ ಬಿಡ್ತು ಅನ್ನಲಿಲ್ಲ. ಕುರ್ಚಿ ಅಲ್ಲೇ ಇತ್ತು, ಇಬ್ಬರಿಗೂ ಕೈಯಳತೆಯಲ್ಲಿ. ಅವನ ಎಡಗೈ ತೊಡೆಯ ಮೇಲೆ ಇದ್ದಂತೆಯೇ ಇತ್ತು, ಬೆರಳು ಕೂಡ ಅಲುಗಲಿಲ್ಲ. ಅದನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾಳೆ. ಕೇಳಿಸಿಕೊಂಡವನ ಕೈ ಅಷ್ಟು ಸುಮ್ಮನಿರುತ್ತದೆಯೇ, ಅಥವಾ ಕೇಳಿಸಿಕೊಂಡದ್ದಕ್ಕೇ ಅಷ್ಟು ಸುಮ್ಮನಿತ್ತೇ?

ಈವತ್ತು ಸಂಜೆಯ ಬಸ್ಸಿಗೆ ಆರಿಫ್ ಬರುವವನಿದ್ದ. ಖಾಜಾ ಪೀರನ ತಮ್ಮ, ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಅವನದೂ ಒಂದು ವೈರಿಂಗ್ ಅಂಗಡಿ. ಟೆಸ್ಟ್ ಲ್ಯಾಂಪು, ಮೀಟರು ಇದ್ದ ಚೀಲವನ್ನು ಹೋದ ಸಲವೇ ಒಯ್ದಿದ್ದ. ಉಳಿದ ಸಾಮಾನನ್ನೂ ಒಯ್ದು ಅಂಗಡಿಯನ್ನು ಟೈರಿನವನೊಬ್ಬನಿಗೆ ಬಾಡಿಗೆಗೆ ಕೊಡಿಸುವ ಮಾತಾಗಿತ್ತು. ಮೋಸದ ಹುಡುಗನಲ್ಲ. ಭಾಬಿ, ಅಣ್ಣನಿಗೆ ಇನ್ನು ಇದೆಲ್ಲ ಗೊತ್ತಾಗುವುದಿಲ್ಲ, ಬೀಗ ಹಾಕಿಟ್ಟರೆ ತುಕ್ಕು ಹಿಡಿಯುತ್ತದೆ ಅಷ್ಟೆ ಎಂದಿದ್ದ. ಅದನ್ನೂ ಅವನು ಅಣ್ಣನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಹೇಳಿದ್ದ. ಫಿರೋಜಾ ಆಯ್ತು ಅಂದಿದ್ದಳು. ಸೂಜಿ ರವಿಕೆಯ ತೋಳಿನಲ್ಲಿ ಅಡ್ಡದಾರಿ ಹಿಡಿದಾಗ ಅವಳಿಗೆ ಎಚ್ಚರವಾಯಿತು. ಹೊಲಿಗೆ ಬಿಚ್ಚುತ್ತಾ ಕೂತಳು. ಹೊರಗೆ ಯಾರೋ ಏದುಸಿರು ಬಿಡುತ್ತಾ, ಫಿರೋಜಕ್ಕಾ ಎಂದು ಕರೆದರು.

ಏಕಾಂತಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು. ಅವನ ಜಾವಾ ಮೋಟಾರ್ ಸೈಕಲ್ಲು ಅವನಿಗಿಂತ ಹೆಚ್ಚು ಪ್ರಸಿದ್ಧ. ಸೋದರಮಾವನ ಕಾಲದ್ದು, ಹೊಟ್ಟೆಯುಬ್ಬಿದ ಟ್ಯಾಂಕಿನ, ಮೊಳೆಯಂಥ ಕೀಲಿಯ ಗಾಡಿ. ಹಿಂದೊಮ್ಮೆ ಇಲಿ ಕಡಿದು ಅದರ ವೈರೆಲ್ಲ ಹಾಳಾಗಿದ್ದಾಗ ಖಾಜಾ ಪೀರ್ ವಾರಗಟ್ಟಲೆ ಕೂತು ತಲೆಯಿಂದ ಬಾಲದವರೆಗೆ ಹೊಸದಾಗಿ ವೈರು ಎಳೆದಿದ್ದ. ಅದನ್ನೀಗ ಏಕಾಂತಪ್ಪ ನ್ಯೂಟೌನಿನಿಂದ ಸೇತುವೆ ದಾಟಿ ತಳ್ಳಿಕೊಂಡು ಬಂದಿದ್ದ. ಗಾಡಿ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಆಯುಧಪೂಜೆ ಬಂತೆಂದರೆ ಆ ಊರಿನಲ್ಲಿ ಬಣ್ಣ ಕಾಣದ ಕಬ್ಬಿಣ ಇರುವುದಿಲ್ಲ; ಕಾರ್ಖಾನೆಯೊಳಗೆ ಕ್ರೇನಿನ ಕೊಕ್ಕೆಯಿಂದ ಹಿಡಿದು ಪಾನೆಗಳವರೆಗೆ ಬಳಿಯುತ್ತಾರೆ, ಮನೆಗೆ ಬಂದು ಕಿಟಕಿಯ ಸರಳು, ಸೈಕಲ್ಲು, ನಲ್ಲಿ. ಏಕಾಂತಪ್ಪ ಈ ಸಲ ಗಾಡಿಯ ಒಂದೊಂದು ನಟ್ಟನ್ನೂ ಬಿಚ್ಚಿ, ಉಜ್ಜಿ, ಕರಿ ಬಣ್ಣವನ್ನು ಎರಡೆರಡು ಕೈ ಹೊಡೆದಿದ್ದ. ಮಾಲೆ ಹಾಕಿ ಕುಂಬಳಕಾಯಿ ಒಡೆದು ಕೀಲಿ ಚುಚ್ಚಿದರೆ ಲೈಟಿಲ್ಲ, ಹಾರನ್ನಿಲ್ಲ, ಕಿಕ್ಕಿಗೆ ಜೀವವಿಲ್ಲ. ಹೊಸ ಬ್ಯಾಟರಿ ಹಾಕಿದ್ದಾಯಿತು. ಯಾರದೋ ಕಣ್ಣು ಬಿತ್ತೆಂದು ಹೆಂಡತಿ ನಿಂಬೆಹಣ್ಣು ಇಳಿಸಿದ್ದೂ ಆಯಿತು. ಆರಿಫ್ ಬಂದಾಗ ನೋಡಲಿ ಎಂದು ಅವನು ಗಾಡಿಯನ್ನು ಒಳಗೆ ತಂದು, ಮುಂದಿನ ಚಕ್ರ ಬೀದಿಗೆ ಮುಖ ಮಾಡಿ, ಖಾಜಾ ಪೀರನ ಕುರ್ಚಿಯ ಎದುರಿಗೇ ಸ್ಟ್ಯಾಂಡ್ ಹಾಕಿದ. ಆಮೇಲೆ ಬಗ್ಗಿ, ಕಿವುಡರಿಗೆ ಕೂಗುವಂತೆ, ಭಾಯ್, ನಾನು ಏಕಾಂತ ಎಂದು ಕೂಗಿದ. ನೆಟ್ಟಗಾಗಿ ಫಿರೋಜಾಳ ಕಡೆ ತಿರುಗಿ, ಮೆತ್ತಗೆ, "ಏನಾದ್ರೂ ಗೊತ್ತಾಗತ್ತಾ ಇವರಿಗೆ?" ಎಂದು ಕೇಳಿದ.

ಇಲ್ಲ ಎಂದು ಹೇಳಲು ಅವಳ ಬಾಯಿ ತಾನೇ ತೆರೆಯಿತು. ಎಲ್ಲರಿಗೂ ಹೇಳಿ ಹೇಳಿ ನುಣ್ಣಗಾದ ಇಲ್ಲ ಅದು. ಆದರೆ ಅವಳ ಕಣ್ಣು ಆಗ ಗಂಡನ ಮುಖದ ಮೇಲಿತ್ತು, ಅವನ ಕಣ್ಣು ಗಾಡಿಯ ಮೇಲಿತ್ತು. ಇಲ್ಲ ಎಂದಳು, ಆ ಇಲ್ಲ ಈ ಸಲ ಅಷ್ಟು ನುಣ್ಣಗೆ ಹೊರಡಲಿಲ್ಲ. ಏಕಾಂತಪ್ಪ ಪಾಪ ಎಂದು ಮೂಗಿನಲ್ಲಿ ಉಸಿರುಬಿಟ್ಟು, ಕೀಲಿಯನ್ನು ಮಿಷಿನ್ನಿನ ಮೇಲಿಟ್ಟು, ಶಿಫ್ಟಿಗೆ ಹೊತ್ತಾಯಿತೆಂದು ಹೊರಟುಹೋದ.

ಅವನು ಮರೆಯಾದ ಕೂಡಲೇ ಖಾಜಾ ಪೀರ್ ನಾಲಿಗೆ ಹೊರಗೆ ಹಾಕಿದ. ಇದು ಹೊಸದಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಆಗಾಗ ಹೀಗೆ ಮಾಡುತ್ತಿದ್ದ. ಬಾಯಿಯ ವಾಲಿದ ಕಡೆಯಿಂದ ನಾಲಿಗೆ ದಪ್ಪಗೆ ಜಾರಿ ಬರುತ್ತಿತ್ತು, ಜೊತೆಗೆ ಜೊಲ್ಲು. ಮೊದಮೊದಲು ಬಾಯಾರಿಕೆ ಎಂದುಕೊಂಡು ನೀರು ಕೊಟ್ಟರೆ ತುಟಿ ಬಿಗಿಯುತ್ತಿದ್ದ. ಮಗಳು ಆಯೆಷಾಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ತಮ್ಮ ಮೋಟಾರ್ ಸೈಕಲ್ಲನ್ನು ಬಾಗಿಲ ಮುಂದೆ ನಿಲ್ಲಿಸಿ ಒಳಗೆ ಬಂದು ಕೂತಾಗಲೂ ಹೀಗೇ ಮಾಡಿದ್ದ. ಬಂದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಗಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಆಗ ಫಿರೋಜಾ ಎದ್ದುಹೋಗಿ ಅವನ ಬಾಯನ್ನು ಅಂಗೈಯಿಂದ ಮುಚ್ಚಿದ್ದಳು, ಒರೆಸುವವಳ ಹಾಗೆ, ಒರೆಸಲಿಲ್ಲ, ಅದುಮಿದ್ದಳು. ನಾಲಿಗೆ ಅವನ ಹಲ್ಲಿಗೇ ಸಿಕ್ಕಿತ್ತು. ಈಗಲೂ ಬಟ್ಟೆ ತೆಗೆದುಕೊಂಡು ಬಳಿಗೆ ಹೋದಳು. ಅವನು ಮುಖ ತಿರುಗಿಸಿ ಗಾಡಿಯನ್ನು ನೋಡಿದ. ಮತ್ತೆ ನಾಲಿಗೆ. ಎಡಗೈಯ ಎರಡು ಬೆರಳನ್ನು ಕಷ್ಟಪಟ್ಟು ಮೇಲೆತ್ತಿ ನಾಲಿಗೆಯ ತುದಿಗೆ ಮುಟ್ಟಿಸಿ, ಗಾಡಿಯ ಕಡೆ ಚಾಚಿದ.

ಫಿರೋಜಾಳ ಅಬ್ಬ ಗಾಜನೂರಿನ ಅಣೆಕಟ್ಟೆಯಲ್ಲಿ ಗೇಟು ತಿರುಗಿಸುವ ಕೆಲಸದಲ್ಲಿದ್ದ. ಮದುವೆಯಾದ ಮೊದಲ ವರ್ಷ, ಕೊನೆಗೂ ಅವಳನ್ನು ಹಬ್ಬಕ್ಕೆ ಕರೆದೊಯ್ಯಲು ಬಂದ ಅಳಿಯ ಊಟಕ್ಕೆ ಬಾರದೆ ಅಂಗಳದಲ್ಲೇ ಕೂತಿದ್ದ. ದಾರಿಯಲ್ಲಿ ಕೆಟ್ಟುಹೋದ ಗಾಡಿಯಿಂದ ಬ್ಯಾಟರಿ ಬಿಚ್ಚಿ ಅದಕ್ಕೆರಡು ವೈರು ಸಿಕ್ಕಿಸಿಕೊಂಡು, ವೈರಿನ ತುದಿಗಳನ್ನು ನಾಲಿಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದ. ಅಮ್ಮಿ ಬಾಗಿಲ ಸಂದಿಯಿಂದ ನೋಡಿ, ಎಂಥವನಿಗೆ ಕೊಟ್ಟೆವೇ ಎಂದು ಎದೆ ಹಿಡಿದುಕೊಂಡಿದ್ದಳು. ರಾತ್ರಿ ಫಿರೋಜಾ ಕೇಳಿದಾಗ ಅವನು ನಕ್ಕು, ಆರು ವೋಲ್ಟು ರುಚಿ ನೋಡೋದಕ್ಕೆ ಅಂತಲೇ ಇರೋದು, ಹುಳಿಯಾಗಿರತ್ತೆ, ಹುಳಿ ಎಷ್ಟಿದೆ ಅನ್ನೋದರ ಮೇಲೆ ಬ್ಯಾಟರಿ ಎಷ್ಟಿದೆ ಅಂತ ಗೊತ್ತಾಗತ್ತೆ ಎಂದಿದ್ದ. ಗಂಡನ ಮನೆಯವರ ದಖನಿ ಉರ್ದು ಅವಳ ಬಾಯಿಗೆ ಸರಿಯಾಗಿ ಹತ್ತದೆ ಎಲ್ಲರೂ ನಗುತ್ತಿದ್ದ ಕಾಲ. ಅದಕ್ಕೇ ಅವರಿಬ್ಬರೇ ಇದ್ದಾಗ ಕನ್ನಡ. ನಿನಗೂ ತೋರಿಸ್ತೀನಿ ಬಾ ಎಂದು ಕರೆದಿದ್ದ. ಅವಳು ಹೆದರಿ ಗೋಡೆಯ ಕಡೆ ಹೊರಳಿದ್ದಳು. ಈಗ ಫಿರೋಜಾ ಬಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತಿದ್ದಳು. ಗಂಡಿನ ಕಡೆಯವರ ಮೋಟಾರ್ ಸೈಕಲ್ಲು ಬಾಗಿಲಿಗೆ ಬರುವಾಗ ಗುಡುಗುಡು ಎಂದು ಉಸಿರು ಸಿಕ್ಕಿಕೊಂಡವರಂತೆ ಬಂದದ್ದು ಅವಳಿಗೆ ಈಗ ನೆನಪಾಯಿತು. ಅಂದೂ ಅವನು ಅದನ್ನೇ ಕೇಳಿದ್ದನೇ?

ವೈರನ್ನು ಕಾಯಿಲೆಯವನ ಬಾಯಿಗಿಡುವುದು! ಯಾರಾದರೂ ನೋಡಿದರೆ? ವಿಶಾಲಮ್ಮ ಮೊರ ಹಿಡಿದುಕೊಂಡು ಬಂದು ನೋಡಿದರೆ? ಪೂರ್ತಿ ತಗೊಂಡಿದ್ರೆ ಎಂದವಳು ಇವಳೇ ಅಲ್ಲವೇ, ಈಗ ಕೈಯಾರೆ ಕರೆಂಟು ಕೊಡುತ್ತಿದ್ದಾಳಲ್ಲ ಎಂದುಕೊಳ್ಳದೆ ಇರುತ್ತಾಳೆಯೇ? ತನ್ನ ಕೈಯನ್ನು ತಾನೇ ನಂಬುವ ಸ್ಥಿತಿಯಲ್ಲಿ ಫಿರೋಜಾ ಇರಲಿಲ್ಲ. ಅವನಿಗೇನಾದರೂ ಆಗಿಬಿಟ್ಟರೆ, ಅದು ಆಗಲಿ ಎಂದು ಒಳಗೆಲ್ಲೋ ಒಂದು ಮೂಲೆ ಕಾಯುತ್ತಿರಲಿಲ್ಲ ಎಂದು ಹೇಳುವವರು ಯಾರು? ಅವಳು ಹೋಗಿ ಶೆಟರನ್ನು ಮೊಣಕಾಲಿನವರೆಗೆ ಎಳೆದಳು. ಅಂಗಡಿ ಕತ್ತಲಾಯಿತು, ಕೆಳಗಿನ ಸಂದಿಯಿಂದ ಬೀದಿಯ ಬಿಸಿಲು ಒಂದು ಪಟ್ಟಿಯಷ್ಟು ಬರುತ್ತಿತ್ತು. ಗೋಡೆಯ ಮೊಳೆಯಲ್ಲಿ ನೇತುಹಾಕಿದ್ದ ವೈರಿನ ಸುರುಳಿಯಿಂದ ಉದ್ದುದ್ದಕ್ಕೆ ಎರಡು ತುಂಡು ಕತ್ತರಿಸಿ, ತುದಿಗಳನ್ನು ಹಲ್ಲಿನಿಂದ ಸುಲಿದಳು. ಅವನು ಹೀಗೇ ಸುಲಿಯುತ್ತಿದ್ದ, ಅವಳು ಬೈಯುತ್ತಿದ್ದಳು. ಗಾಡಿಯ ಪಕ್ಕದ ಡಬ್ಬಿಯ ಮುಚ್ಚಳ ತೆಗೆದರೆ ಬ್ಯಾಟರಿ. ಒಂದು ವೈರನ್ನು ಪ್ಲಸ್ಸಿಗೆ, ಒಂದನ್ನು ಮೈನಸ್ಸಿಗೆ ಸುತ್ತಿದಳು. ಬಿಸ್ಮಿಲ್ಲಾ ಎಂದು, ಮೊದಲು ತನ್ನ ನಾಲಿಗೆಗೆ ಇಟ್ಟುಕೊಂಡಳು.

ಹುಳಿ. ಸಾಯುತ್ತೇನೆಂದುಕೊಂಡವಳಿಗೆ ಹುಳಿಯಾಯಿತು. ಹುಣಿಸೆಹಣ್ಣಿನಿಂದ ತಾಮ್ರದ ಚೊಂಬು ತಿಕ್ಕಿದ ಬೆರಳನ್ನು ಚೀಪಿದರೆ ಹೇಗೋ ಹಾಗೆ, ಅದರೊಳಗೆ ಸಣ್ಣ ಚುರುಕು, ನಾಲಿಗೆಯ ತುದಿ ತನ್ನಷ್ಟಕ್ಕೆ ಜುಮ್ಮೆನ್ನುವುದು. ತೆಗೆದಳು, ನಿಂತಿತು. ಇಟ್ಟಳು, ಇತ್ತು. ಕಣ್ಣಿಗೆ ಕಾಣದ್ದು, ಸದ್ದಿಲ್ಲದ್ದು, ವಾಸನೆಯಿಲ್ಲದ್ದು, ಈ ಡಬ್ಬಿಯೊಳಗೆ ಕೂತು ಕಾಯುತ್ತಿತ್ತು. ಇಷ್ಟು ವರ್ಷ ಇದನ್ನೇ ತಿಂದು ಬದುಕಿದ ಮನೆ ಇದು. ಆಯೆಷಾಳ ಶಾಲೆ, ಅತ್ತೆಯ ಔಷಧಿ, ಹಬ್ಬದ ಬಟ್ಟೆ, ಎಲ್ಲವೂ ಈ ಹುಳಿಯಿಂದಲೇ ಬಂದದ್ದು; ತಾನು ಒಂದು ದಿನವೂ ಇದರ ರುಚಿ ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಜೊತೆಗೆ ಒಂದು ದೊಡ್ಡ ಬೆರಗು ಹೊಟ್ಟೆಯಿಂದ ಎದ್ದುಬಂತು. ಗಂಡ ಅವಳನ್ನೇ ನೋಡುತ್ತಿದ್ದ.

ಅವಳು ಅವನ ಮುಂದೆ ಮಂಡಿಯೂರಿ ಕೂತು ವೈರುಗಳನ್ನು ಅವನ ನಾಲಿಗೆಯ ಬಲಗಡೆ ಇಟ್ಟಳು. ಏನೂ ಆಗಲಿಲ್ಲ. ಆ ಕಡೆ ಸತ್ತಿದೆ ಎನ್ನುವುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಎಡಗಡೆಗೆ ಸರಿಸಿದಳು. ಅವನ ಮುಖ ತಟ್ಟನೆ ಕೂಡಿಕೊಂಡಿತು. ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಹುಬ್ಬು, ಕೆನ್ನೆ, ಹಣೆ ಎಲ್ಲ ಒಂದು ಕಡೆಗೆ ಬಂದು, ಮಳೆಗಾಲದ ಮೊದಲು ಈ ಮನೆಯಲ್ಲಿ ಓಡಾಡುತ್ತಿದ್ದವನ ಮುಖವಾಯಿತು. ಕರೆಂಟಿಗೆ ಸ್ನಾಯು ಹಾರಿದ್ದಿರಬಹುದು, ಸತ್ತ ಕಪ್ಪೆಯ ಕಾಲು ಕೂಡ ಹಾರುತ್ತದಂತೆ ಎಂದು ಅವಳ ಮನಸ್ಸು ಅಡ್ಡ ನಿಂತಿತು. ಆಸೆಪಟ್ಟು ಮೋಸಹೋಗುವುದು ಸಾಕಾಗಿತ್ತು. ಅವಳು ನಿಧಾನವಾಗಿ, ಒಂದೊಂದೇ ಮಾತಾಗಿ, "ಕರೆಂಟ್ ಬಂದ್ರೆ ಕಣ್ಣು ಮುಚ್ಚಿ. ಬರದಿದ್ರೆ ಮುಚ್ಚಬೇಡಿ," ಎಂದಳು. ಇಟ್ಟಳು. ಮುಚ್ಚಿದ. ತೆಗೆದು ಮತ್ತೆ ಇಟ್ಟಳು. ಮುಚ್ಚಿದ. ಆಮೇಲೆ ಕೈ ಹಿಂದಕ್ಕೆ ಚಾಚಿ, ಅವನಿಗೆ ಕಾಣದ ಹಾಗೆ, ಬ್ಯಾಟರಿಗೆ ಸುತ್ತಿದ್ದ ಒಂದು ವೈರನ್ನು ಸಡಿಲಿಸಿ ಬಿಟ್ಟು, ಅದೇ ತುದಿಗಳನ್ನು ಅದೇ ಜಾಗಕ್ಕೆ ಇಟ್ಟಳು. ಅವನು ಮುಚ್ಚಲಿಲ್ಲ. ಕಾದ. ನಾಲಿಗೆಯನ್ನು ಚೂರು ಆಡಿಸಿ ನೋಡಿದ. ಆಮೇಲೆ ಅವಳನ್ನು ದಿಟ್ಟಿಸಿದ ರೀತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಲಸ ಕಲಿಯುವಾಗ ಆರಿಫ್ ವೈರನ್ನು ಸರಿಯಾಗಿ ಬಿಗಿಯದೆ ಬಂದರೆ ಅವನನ್ನೂ ಹೀಗೇ ದಿಟ್ಟಿಸುತ್ತಿದ್ದ.

ಇದ್ದ. ಒಳಗೆ ಪೂರ್ತಿ ಇದ್ದ. ಫಿರೋಜಾ ಇಷ್ಟು ದಿನ ನಮಾಜಿನಲ್ಲಿ ಕೇಳಿದ್ದು ಇದನ್ನೇ, ಈಗ ಸಿಕ್ಕಿದಾಗ ಕೈಯಲ್ಲಿ ಹಿಡಿಯಲಾಗದ ಬಿಸಿ. ಇದ್ದನೆಂದರೆ ಎಲ್ಲ ದಿನವೂ ಇದ್ದ. ವಿಶಾಲಮ್ಮ ಬಂದಾಗಲೆಲ್ಲ ಇದ್ದ. ಹೇಸಿಗೆಯ ಮಾತಿಗೆ ಇದ್ದ, ತವರಿನ ಮಾತಿಗೆ ಇದ್ದ, ಭದ್ರೆ ತುಂಬಿದ ದಿನ ಆ ಕುರ್ಚಿಯಲ್ಲಿ ಕೈ ಅಲುಗಿಸದೆ ಇದ್ದ. ಬಾಯಿ ಅದುಮಿದ ಅಂಗೈಯ ಕೆಳಗೂ ಇದ್ದ. ಶೆಟರ್ ಎತ್ತಿ ಬೀದಿಗೆ ಓಡಿಹೋಗಬೇಕೆನಿಸಿತು. ಅವನು ಮಾತ್ರ ಗಂಟಲಲ್ಲಿ ಊಂ ಎಂದು ಗಾಡಿಯ ಕಡೆ ಗಲ್ಲ ಎತ್ತಿದ. ಕೆಲಸ ನಿಲ್ಲಿಸಿದ್ದಕ್ಕೆ ಅವನಿಗೆ ಸಿಟ್ಟು ಬಂದಿತ್ತು. ಹೆಂಡತಿಯ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂದು ಕೇಳುವ ಗಂಡಸು ಅವನು ಮೊದಲೂ ಆಗಿರಲಿಲ್ಲ. ಅದನ್ನು ಕಂಡು ಅವಳಿಗೆ ವಿಚಿತ್ರವಾದ ಒಂದು ನೆಮ್ಮದಿಯಾಯಿತು. ಎದ್ದು ಸ್ಕ್ರೂಡ್ರೈವರ್ ಹುಡುಕಿದಳು.

ಹೆಡ್‌ಲೈಟಿನ ಗಾಜು ಬಿಚ್ಚಿದರೆ ಒಳಗೆ ಕರುಳಿನಷ್ಟು ವೈರು, ಎಲ್ಲವೂ ಒಂದೇ ಕರಿಬಣ್ಣದ್ದು. ಇದರಲ್ಲಿ ಯಾವುದು ಯಾವುದೆಂದು ಹೇಗೆ ತಿಳಿಯುವುದು ಎಂದುಕೊಳ್ಳುವಷ್ಟರಲ್ಲಿ ಪ್ರತಿ ತುದಿಗೂ ಕಟ್ಟಿದ್ದ ದಾರ ಕಣ್ಣಿಗೆ ಬಿತ್ತು. ಕೆಂಪು, ಹಸಿರು, ಅರಿಶಿನ. ಅವಳದೇ ದಾರ. ಗಾಂಧಿ ಬಜಾರಿನಿಂದ ತಂದ ರೀಲುಗಳು ಹೇಗೆ ಕರಗುತ್ತವೆಂದು ಅವಳು ಮನೆಮಂದಿಯನ್ನೆಲ್ಲ ಬೈದಿದ್ದಳು. ದಾರವನ್ನು ಸುಮ್ಮನೆ ಸುತ್ತಿರಲಿಲ್ಲ, ರವಿಕೆಯ ಗುಂಡಿಗೆ ಕಾಜಾ ಹೊಲಿಯುವಾಗ ಹಾಕುವ ಗಂಟನ್ನು ಹಾಕಿ ಬಿಗಿದಿದ್ದ. ಯಾವಾಗ ಕೂತು ನೋಡಿ ಕಲಿತನೋ! ಅವಳು ಕೆಂಪು ದಾರದ ವೈರನ್ನು ಹಿಡಿದು ಅವನ ಕಡೆ ತಿರುಗಿದಳು, ಅವನು ಊಂ ಎಂದ. ಕೀಲಿ ಚುಚ್ಚಿ ಲೈಟಿನ ಕಡೆಗೆ ತಿರುಗಿಸಿದಳು. ಕೆಂಪು ದಾರದ ತುದಿಯಿಂದ ಒಂದು ವೈರನ್ನು, ಬ್ಯಾಟರಿಯ ಮೈನಸ್ಸಿನಿಂದ ಇನ್ನೊಂದನ್ನು ಗಾಡಿಯ ಉದ್ದಕ್ಕೆ ಎಳೆದು ತಂದು ಅವನ ನಾಲಿಗೆಗಿಟ್ಟಳು. ಕಣ್ಣು ಮುಚ್ಚಿದ. ಹಾಗಾದರೆ ಕರೆಂಟು ದೀಪದವರೆಗೆ ಹೋಗುತ್ತಿದೆ, ದೀಪ ಮಾತ್ರ ಉರಿಯುತ್ತಿಲ್ಲ. ಅವಳಿಗೆ ಮುಂದೆ ತೋಚಲಿಲ್ಲ. ಅವನು ಎಡಗೈಯ ಬೆರಳೊಂದನ್ನು ಎದೆಯಿಂದ ಗಾಡಿಯ ಕಡೆಗೆ ಚಾಚಿ, ಗಾಳಿಯಲ್ಲಿ ದೊಡ್ಡದಾಗಿ ಸುತ್ತಿಸಿ, ಮತ್ತೆ ಎದೆಗೆ ತಂದ. ಮೂರು ಸಲ ಹಾಗೆ ಮಾಡುವಷ್ಟರಲ್ಲಿ ಕೈ ಸೋತು ತೊಡೆಯ ಮೇಲೆ ಬಿತ್ತು.

ಹೋಗಿ ಬರುವುದು. ಹೋಗುವುದಷ್ಟೇ ಅಲ್ಲ, ಬರಬೇಕು. ಕೆಳಗಿನ ಬಾಬಿನ್ನಿನ ದಾರ ಮುಗಿದದ್ದು ತಿಳಿಯದೆ ಮಿಷಿನ್ ತುಳಿಯುತ್ತಾ ಹೋದರೆ ಸೂಜಿ ಇಳಿಯುತ್ತದೆ, ಏಳುತ್ತದೆ, ಬಟ್ಟೆ ಸರಿಯುತ್ತದೆ, ಹೊಲಿಗೆ ಮಾತ್ರ ಬಿದ್ದಿರುವುದಿಲ್ಲ. ಅವಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಬರುವ ದಾರಿಯ ವೈರು ಯಾವುದೆಂದು ಹುಡುಕಿದಳು, ಸಿಗಲಿಲ್ಲ. ದೀಪಕ್ಕೆ ಹೋಗುವುದು ಒಂದೇ ವೈರು, ಹಾರನ್ನಿಗೆ ಒಂದೇ, ಹಿಂದಕ್ಕೆ ಹೋಗುವುದೂ ಒಂದೇ. ವಾಪಸು ಬರುವುದು ಎಲ್ಲಿಂದ? ಅವನು ಕುರ್ಚಿಯ ಕಬ್ಬಿಣದ ಕೈಯನ್ನು ಬೆರಳಿನಿಂದ ಬಡಿದ. ಟಣ್. ಗಾಡಿಯನ್ನು ನೋಡಿ ಮತ್ತೆ ಬಡಿದ. ಅವಳು ಮೈನಸ್ಸಿನ ವೈರನ್ನು ಬ್ಯಾಟರಿಯಿಂದ ಬಿಚ್ಚಿ, ಬಣ್ಣ ಹತ್ತದ ಇಂಜಿನ್ನಿನ ಬರಿಮೈಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತುದಿಗಳನ್ನು ಅವನ ನಾಲಿಗೆಗಿಟ್ಟಳು. ಕಣ್ಣು ಮುಚ್ಚಲಿಲ್ಲ. ಆಗ ಅವಳಿಗೆ ಹೊಳೆದದ್ದು ಎಷ್ಟು ದೊಡ್ಡದಾಗಿತ್ತೆಂದರೆ ಕೂತಲ್ಲೇ ಗಾಡಿಯನ್ನು ಒಮ್ಮೆ ಪೂರ್ತಿ ನೋಡಿದಳು. ಬರುವುದಕ್ಕೆ ವೈರೇ ಇಲ್ಲ. ಬರುವುದು ಈ ಕಬ್ಬಿಣದ ಮೈಯಲ್ಲಿ. ಹ್ಯಾಂಡಲ್ಲು, ಚಾಸಿಸ್ಸು, ಇಂಜಿನ್ನು, ಒಂದೊಂದು ನಟ್ಟು ಬೋಲ್ಟು, ಮುಟ್ಟಿದಲ್ಲೆಲ್ಲ ಅದು ಹರಿ­ದುಕೊಂಡು ಮನೆಗೆ ಬರುತ್ತದೆ. ತಂತಿಯನ್ನು ಮಾತ್ರ ನೋಡುತ್ತಿದ್ದವಳು ತಾನು. ಇಡೀ ಗಾಡಿಯೇ ತಂತಿ. ಊರಿನ ಕಬ್ಬಿಣವೆಲ್ಲ, ಸೇತುವೆ, ಕ್ರೇನು, ಮಿಷಿನ್ನಿನ ಕಾಲು, ಎಲ್ಲ ಸುಮ್ಮನೆ ನಿಂತಂತೆ ಕಾಣುತ್ತಾ ಹೀಗೆ ಯಾವುದನ್ನಾದರೂ ಹೊರಲು ಸಿದ್ಧವಾಗಿ ನಿಂತಿವೆಯೇ ಎಂದುಕೊಂಡಳು.

ಬ್ಯಾಟರಿಯ ಮೈನಸ್ಸಿನಿಂದ ಹೊರಟ ದಪ್ಪ ಪಟ್ಟಿಯೊಂದು ಡಬ್ಬಿಯ ಕೆಳಗೆ ಗಾಡಿಯ ಮೈಗೆ ಬೋಲ್ಟಿನಿಂದ ಬಿಗಿದಿತ್ತು. ಅವಳ ಬೆರಳು ಅದನ್ನು ಮುಟ್ಟಿದಾಗ ಅವನು ಊಂ ಎಂದದ್ದು ಜೋರಾಗಿತ್ತು. ಪಾನೆ ಹಾಕಿ ಬಿಚ್ಚಿದಳು. ಪಟ್ಟಿಯ ಕೆಳಗೆ, ಅದು ಕೂರುವ ಗುಂಡನೆಯ ಜಾಗದಲ್ಲಿ, ಏಕಾಂತಪ್ಪನ ಕರಿ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಪಾಪ, ಅಲ್ಲೂ ಬಿಟ್ಟಿರಲಿಲ್ಲ. ಯಾರೂ ನೋಡದ ಜಾಗವೆಂದು ಸಸಾರ ಮಾಡದೆ, ಪಟ್ಟಿ ತೆಗೆದು, ಎರಡು ಕೈ ಹೊಡೆದು, ಒಣಗಿಸಿ, ಮತ್ತೆ ಬಿಗಿದಿದ್ದ. ಭಕ್ತಿಯಿಂದಲೇ ದಾರಿ ಮುಚ್ಚಿಹೋಗಿತ್ತು. ಉಜ್ಜುವ ಕಾಗದವನ್ನು ಆರಿಫ್ ಒಯ್ದಿದ್ದ. ಫಿರೋಜಾ ಮಿಷಿನ್ನಿನ ಮೇಲಿನ ದೊಡ್ಡ ಕತ್ತರಿ ತೆಗೆದುಕೊಂಡಳು. ಮಗಳು ಅದರಿಂದ ಕಾಗದ ಕತ್ತರಿಸಿದರೂ ಕೈಯ ಮೇಲೆ ಬಾರಿಸುತ್ತಿದ್ದಳು. ಅದರ ಅಲಗನ್ನು ಕಬ್ಬಿಣಕ್ಕೆ ಒತ್ತಿ ಕೆರೆದಳು. ಬಣ್ಣ ಸುರುಳಿಸುರುಳಿಯಾಗಿ ಎದ್ದು, ಕೆಳಗಿನಿಂದ ಬೆಳ್ಳಗೆ, ಈಗಷ್ಟೇ ಹುಟ್ಟಿದ ಹಾಗೆ, ಕಬ್ಬಿಣ ಕಂಡಿತು. ಪಟ್ಟಿ ಕೂರಿಸಿ ಬೋಲ್ಟು ಬಿಗಿಯುತ್ತಿದ್ದಂತೆ ಬಿಚ್ಚಿಟ್ಟ ಹೆಡ್‌ಲೈಟು ತಾನಾಗಿ ಹೊತ್ತಿಕೊಂಡು ಶೆಟರಿನ ಒಳಮೈಯೆಲ್ಲ ಹಳದಿಯಾಯಿತು.

ಅವಳಿಗೆ ಅಳು ಬಂತು, ನಗುವೂ ಬಂತು. ಬೆಳಕು ಗೋಡೆಯ ಮೇಲಿನ ಹಳೇ ಕ್ಯಾಲೆಂಡರಿನ ಮೇಲೆ, ನೇತಾಡುವ ವೈರುಗಳ ಮೇಲೆ ಬಿದ್ದು ಅಂಗಡಿ ಬೇರೆಯೇ ಆಗಿ ಕಂಡಿತು. ಈ ಅಂಗಡಿಯ ಸಾಮಾನನ್ನು ಆರಿಫನಿಗೆ ಕೊಡಲೇ ಎಂದು ಕೇಳಿದಳು. ಕೇಳಿದ ಮೇಲೆ, ಮೊದಲ ಸಲ ಕೇಳುತ್ತಿದ್ದೇನೆ ಎಂಬುದು ಅರಿವಾಯಿತು. ಅವನು ಕಣ್ಣು ಅಗಲಿಸಿ, ಮುಚ್ಚದೆ, ನೀರು ಬರುವವರೆಗೂ ಹಾಗೇ ಹಿಡಿದ. ಸರಿ, ಕೊಡುವುದಿಲ್ಲ ಎಂದಳು. ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಇದ್ದುಬಿಡಬಹುದಿತ್ತು. ಅವನು ಹೇಳಲಾರ, ತಾನು ಕೇಳಬೇಕಾಗಿಲ್ಲ, ಇಬ್ಬರೂ ಹೀಗೇ ಮುದುಕರಾಗಬಹುದಿತ್ತು. ಗಾಡಿಯ ಸೀಟನ್ನು ಬಲವಾಗಿ ಹಿಡಿದುಕೊಂಡಳು.

"ರೀ, ವಿಶಾಲಮ್ಮನ ಹತ್ರ ನಾನು ಅಂದಿದ್ದು... ಪೂರ್ತಿ ತಗೊಂಡಿದ್ರೆ ಅಂದಿದ್ದು. ನಿಮಗೆ ಕೇಳಿಸಿತ್ತಾ?"

ಅವನು ಕಣ್ಣು ಮುಚ್ಚಿದ.

ಬೇಗ ತೆರೆಯಲಿಲ್ಲ. ಕ್ಷಮಿಸಿ ಎನ್ನುವ ಮಾತು ಬಾಯಿಯವರೆಗೆ ಬಂದು ತೀರ ಸಣ್ಣದೆನಿಸಿ ಹಿಂದೆ ಹೋಯಿತು. ಮುಚ್ಚಿದ ರೆಪ್ಪೆಗಳ ಹಿಂದೆ ಅವನು ಎಷ್ಟು ದಿನಗಳಿಂದ ಕೂತಿದ್ದಾನೆ, ಏನೇನು ಕೇಳಿದ್ದಾನೆ, ಅದನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದಾನೆ ಎಂದು ನೆನೆಸಿದರೆ ಭಯವಾಗುತ್ತಿತ್ತು. ಗಂಡನ ಬಗ್ಗೆ ಅವಳಿಗೆ ಇಂಥ ಭಯ ಯಾವತ್ತೂ ಹುಟ್ಟಿರಲಿಲ್ಲ. ದರ್ಗಾದ ಒಳಗೆ ಚಾದರ ಹೊದಿಸಿದ ಗೋರಿಯ ಎದುರು ನಿಂತಾಗ ಆಗುವಂಥದು. ಕೊನೆಗೆ ಅವನು ಕಣ್ಣು ತೆರೆದ. ಅವಳ ಕಡೆ ನೋಡಿದ, ಅದರಲ್ಲಿ ಏನಿತ್ತೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ದೃಷ್ಟಿ ಕೆಳಗಿಳಿಸಿ ಗಾಡಿಯ ಬ್ರೇಕಿನ ಪೆಡಲನ್ನು ನೋಡಿ, ಗಲ್ಲವನ್ನು ಆ ಕಡೆ ಎತ್ತಿದ. ಬ್ರೇಕ್ ಲೈಟು ನೋಡುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮುಂದೆ ನಿಂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಂದಿನಿಂದ ಬಂತೋ ಇಲ್ಲವೋ ಹೇಳಬೇಕು.

ಅವಳು ಹೋಗಿ ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲಿನ ಮೇಲಿಟ್ಟು ಅದುಮಿದಳು. ಅಲ್ಲಿಂದ ದೀಪ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅವನ ಮುಖ, ಅದರ ಮೇಲೆ ಬಿದ್ದ ಕೆಂಪು.

"ಬಂತಾ?" ಎಂದು ಕೇಳಿದಳು.